ಹುಣಸೆ ಮರ, ಲಾವಂಚದ ಬೇರು ಮತ್ತು ಮೂಸಿಯ ನೀರು

ಸೆಪ್ಟೆಂಬರ್ ತಿಂಗಳು ಬಂತೆಂದರೆ ನಮ್ಮ ಹೊರನಾಡ ಕನ್ನಡ ಸಂಘಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪು. 15ನೇ ತಾರೀಖು ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ಮಕ್ಕಳಿಗೆ ಭಾಷಣ ಸ್ಪರ್ಧೆ ಇಡುತ್ತೇವೆ, ಸಿಹಿ ಹಂಚುತ್ತೇವೆ. ಹೈದರಾಬಾದಿನಲ್ಲಿರುವ ನಮಗೆ ಅದಾಗಿ ಹದಿಮೂರು ದಿನಕ್ಕೆ ಇನ್ನೊಂದು ನೆನಪಿನ ದಿನ ಬರುತ್ತದೆ, ಸೆಪ್ಟೆಂಬರ್ 28. ಆ ದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಒಂದು ಹಳೆಯ ಹುಣಸೆ ಮರದ ಕೆಳಗೆ ಊರಿನ ಇತಿಹಾಸದಲ್ಲಿ ಆಸಕ್ತಿಯುಳ್ಳ ಕೆಲವರು ಸೇರಿ 1908ರ ಪ್ರವಾಹದಲ್ಲಿ ಸತ್ತವರನ್ನು ಸ್ಮರಿಸುತ್ತಾರೆ.

ಈ ಎರಡು ದಿನಗಳಿಗೂ ಸಂಬಂಧವಿದೆ ಎಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಮದುವೆಯಾಗಿ ಮೈಸೂರು ಸೀಮೆಯಿಂದ ಈ ಊರಿಗೆ ಬಂದವಳು ನಾನು. ಗಂಡಿಪೇಟೆಯ ಕೆರೆಗೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವಾಗ, ಅದರ ಹಿಂದೆ ನಮ್ಮ ಮುದ್ದೇನಹಳ್ಳಿಯ ಮಹನೀಯರ ಯೋಜನೆ ಇದೆ ಎಂಬುದಷ್ಟೇ ತಿಳಿದಿತ್ತು. ಯಾಕೆ ಕಟ್ಟಿದರು, ಆ ಮೊದಲು ಏನಾಗಿತ್ತು ಎಂದು ಕೇಳಿಕೊಂಡಿದ್ದು 2020ರ ಅಕ್ಟೋಬರ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನೀರು ಎದೆಮಟ್ಟ ನಿಂತ ಮೇಲೆ. ಅಂದಿನಿಂದ ಓದಿದ್ದು, ಕೇಳಿದ್ದು, ನೋಡಿದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಮಳೆನೀರಿಗೂ ಗಿಡಮರಗಳಿಗೂ ಇರುವ ನಂಟಿನ ಕಥೆ ಇದು.

ಮರ ಹತ್ತಿದವರು ಉಳಿದರು

1908ರ ಸೆಪ್ಟೆಂಬರ್ ಕೊನೆಯಲ್ಲಿ ಹೈದರಾಬಾದಿನ ಪಶ್ಚಿಮದ ಊರುಗಳಲ್ಲಿ ಮಳೆ ಹಿಡಿದುಕೊಂಡಿತು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ ಸುಮಾರು 19 ಅಂಗುಲ ಸುರಿಯಿತು. ಇಂದಿನ ಲೆಕ್ಕದಲ್ಲಿ ಎರಡು ದಿನಕ್ಕೆ 480 ಮಿಲಿಮೀಟರ್. ಮೂಸಿ ಮತ್ತು ಅದರ ಜೊತೆಗಾರ್ತಿ ಈಸಿ ಎರಡೂ ಉಕ್ಕಿ ಬಂದವು. 28ರ ಬೆಳಿಗ್ಗೆ ನೀರು ನಗರದೊಳಗೆ ನುಗ್ಗಿತು. ಅಫ್ಜಲ್ ಸೇತುವೆ, ಮುಸಲ್ಲಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ ಹಾಳಾದವು. 1578ರಲ್ಲಿ ಕುತುಬ್‌ಶಾಹಿಗಳು ಕಟ್ಟಿಸಿದ ಪುರಾನಾಪುಲ್ ಒಂದೇ ಊರಿನ ಎರಡು ಭಾಗಗಳನ್ನು ಜೋಡಿಸುವ ದಾರಿಯಾಗಿ ಉಳಿಯಿತು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಸಾವಿರಾರು ಮನೆಗಳು ನೆಲಸಮವಾದವು.

ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ಒಂದೇ ದಿನ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡರು. ತಾವೊಬ್ಬರೇ ಬದುಕಿ ಉಳಿದರು. ಸರೋಜಿನಿ ನಾಯ್ಡು ಅವರು ಪರಿಹಾರ ಕಾರ್ಯದಲ್ಲಿ ತೊಡಗಿಸಿಕೊಂಡರು. ಆ ಸೇವೆಗೆ ಬ್ರಿಟಿಷ್ ಸರ್ಕಾರ ಕೊಟ್ಟ ಕೈಸರ್-ಇ-ಹಿಂದ್ ಪದಕವನ್ನು ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಹಿಂದಿರುಗಿಸಿದರು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹೊಳೆಯ ದಡಕ್ಕೆ ಬಂದು ಮೂಸಿಗೆ ಸೀರೆ, ಬಳೆ, ಅರಿಶಿನ ಕುಂಕುಮ ಅರ್ಪಿಸಿ ಶಾಂತಳಾಗೆಂದು ಬೇಡಿಕೊಂಡರೆಂದು ಹಳೇ ಊರಿನ ಜನ ಈಗಲೂ ಹೇಳುತ್ತಾರೆ. ತುಂಬಿದ ಹೊಳೆಗೆ ಬಾಗಿನ ಕೊಡುವ ನಾಡಿನಿಂದ ಬಂದ ನಮಗೆ ಈ ಕಥೆ ಹೊಸದೆನಿಸುವುದಿಲ್ಲ.

ಅಂದು ಅಫ್ಜಲ್‌ಗಂಜ್‌ನ ಉದ್ಯಾನದಲ್ಲಿ ಈ ಹುಣಸೆ ಮರವಿತ್ತು. ಅದನ್ನು ಹತ್ತಿ ಕುಳಿತ ಸುಮಾರು 150 ಜನ ಬದುಕಿದರು. ಕಲ್ಲಿನ ಕಟ್ಟಡಗಳು ಉರುಳಿದ ಕಡೆ ಬೇರು ಬಿಟ್ಟ ಮರ ನಿಂತಿತು. ಇದು ಪವಾಡವಲ್ಲ. ಹುಣಸೆಯ ತಾಯಿಬೇರು ಆಳಕ್ಕೆ ಇಳಿಯುತ್ತದೆ, ಪಕ್ಕದ ಬೇರುಗಳು ಅಗಲಕ್ಕೆ ಹರಡುತ್ತವೆ, ಕಟ್ಟಿಗೆ ಬಲು ಗಟ್ಟಿ. ಮರ ತನ್ನ ಮೇಲಿದ್ದವರನ್ನು ಹಿಡಿದುಕೊಂಡಿತು, ಬೇರು ತನ್ನ ಕೆಳಗಿನ ಮಣ್ಣನ್ನು ಹಿಡಿದುಕೊಂಡಿತು. ಜನ ಮೊದಲನೆಯದನ್ನು ನೆನಪಿಟ್ಟುಕೊಂಡಿದ್ದಾರೆ. ನನಗೆ ಎರಡನೆಯದೂ ಅಷ್ಟೇ ಮುಖ್ಯ ಅನ್ನಿಸುತ್ತದೆ.

ವಿಶ್ವೇಶ್ವರಯ್ಯನವರ ಲೆಕ್ಕ

ಪುಣೆಯ ಖಡಕ್‌ವಾಸಲಾ ಜಲಾಶಯಕ್ಕೆ ತಾನಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಅಳವಡಿಸಿ ಹೆಸರು ಮಾಡಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ 1909ರಲ್ಲಿ ಸಲಹೆಗಾಗಿ ಕರೆಸಿಕೊಂಡಿತು. ಅವರು ಮೊದಲು ನೋಡಿದ್ದು ನಗರವನ್ನಲ್ಲ, ನಗರಕ್ಕೆ ನೀರು ಬರುವ ಸೀಮೆಯನ್ನು. ಮಳೆ ಎಲ್ಲೆಲ್ಲಿ ಎಷ್ಟೆಷ್ಟು ಬಿತ್ತು, ಅದು ಯಾವ ದಾರಿ ಹಿಡಿಯಿತು ಎಂದು ಲೆಕ್ಕ ಹಾಕಿದರು. ಮೂಸಿಯ ಜಲಾನಯನದಲ್ಲಿ ಚಿಕ್ಕ ದೊಡ್ಡ ಸೇರಿ 788 ಕೆರೆಗಳಿದ್ದವು, ಹತ್ತಿರ ಹತ್ತಿರ ಚದರ ಮೈಲಿಗೊಂದು. ಆ ಮಳೆಗೆ ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯ ಏರಿಗೆ ಬಡಿಯುತ್ತದೆ, ಅದೂ ಒಡೆಯುತ್ತದೆ. ಸರಪಣಿಯ ಹಾಗೆ ಬಂದ ಆ ನೀರೇ ಊರಿನ ಮೇಲೆ ಬಿದ್ದಿತ್ತು.

ಅವರ ಸಲಹೆ ಸ್ಪಷ್ಟವಾಗಿತ್ತು. ನಗರದೊಳಗಿನ ಹೊಳೆ ಎಷ್ಟು ನೀರನ್ನು ಅಪಾಯವಿಲ್ಲದೆ ಸಾಗಿಸಬಲ್ಲದೋ ಅಷ್ಟನ್ನೇ ಬಿಡಬೇಕು, ಮಿಕ್ಕಿದ್ದನ್ನು ಮೇಲೆಯೇ ತಡೆದು ನಿಲ್ಲಿಸಬೇಕು. ಹಾಗೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಅಷ್ಟು ಹೊತ್ತಿಗೆ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದಿದ್ದರು. ನಗರದ ನಡುವೆ ಹೊಳೆಯ ಇಕ್ಕೆಲಗಳಿಗೆ ತಡೆಗೋಡೆ, ರಸ್ತೆ, ಉದ್ಯಾನ ಇರಬೇಕೆಂಬ ಯೋಚನೆಯೂ ಆ ಯೋಜನೆಯ ಭಾಗವೇ. 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕೆರೆ ಎಂದರೆ ನೀರು ತುಂಬಿದ ಗುಂಡಿಯಷ್ಟೇ ಅಲ್ಲ ಎಂದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಕೆರೆಗೆ ಏರಿ ಇರುತ್ತದೆ, ತೂಬು ಇರುತ್ತದೆ, ಕೋಡಿ ಇರುತ್ತದೆ. ಏರಿಯ ಮೇಲೆ ಗರಿಕೆ, ಹಿನ್ನೀರಿನ ಅಂಚಿನಲ್ಲಿ ಜೊಂಡು, ಕಾಲುವೆ ಬದಿಯಲ್ಲಿ ಹೊಂಗೆ, ನೇರಳೆ, ಹೊಳೆಮತ್ತಿ. ಇವು ಯಾರೂ ನೆಟ್ಟ ಅಲಂಕಾರವಲ್ಲ, ಕೆರೆಯ ಅಂಗಗಳು. ಮಣ್ಣಿನ ಏರಿಗೆ ಹುಲ್ಲೇ ಕವಚ. ಆದರೆ ಅದೇ ಏರಿಯ ಮೇಲೆ ದೊಡ್ಡ ಮರ ಬೆಳೆಯಲು ಬಿಡಬಾರದು ಎನ್ನುತ್ತಾರೆ ಎಂಜಿನಿಯರುಗಳು. ಮರ ಸತ್ತು ಬೇರು ಕೊಳೆತರೆ ಏರಿಯೊಳಗೆ ಕೊಳವೆಯಂತಹ ದಾರಿ ಉಳಿಯುತ್ತದೆ, ನೀರು ಅದರಲ್ಲಿ ನುಸುಳಿ ಏರಿಯನ್ನೇ ಒಡೆಯುತ್ತದೆ. ಯಾವ ಗಿಡ ಎಲ್ಲಿರಬೇಕು ಎಂಬ ವಿವೇಕ ಇದ್ದರೆ ಮಾತ್ರ ಹಸಿರು ಕಾಯುತ್ತದೆ.

ಕೊಳವೆಯ ನೂರು ವರ್ಷ

ವಿಶ್ವೇಶ್ವರಯ್ಯನವರ ಯೋಜನೆಯ ತಿರುಳು ನೀರನ್ನು ಮೇಲೆ ಹಿಡಿದು ನಿಲ್ಲಿಸುವುದು. ಆದರೆ ಇಪ್ಪತ್ತನೇ ಶತಮಾನದ ನಗರಗಳು ತಮ್ಮ ಬೀದಿಗಳಲ್ಲಿ ಅದಕ್ಕೆ ವಿರುದ್ಧವಾದ ಪಾಠವನ್ನು ಪಾಲಿಸಿದವು. ಬಿದ್ದ ಮಳೆಯನ್ನು ಆದಷ್ಟು ಬೇಗ ಮೋರಿಗೆ, ಮೋರಿಯಿಂದ ಕೊಳವೆಗೆ, ಕೊಳವೆಯಿಂದ ಹೊಳೆಗೆ ಅಥವಾ ಸಮುದ್ರಕ್ಕೆ ಸಾಗಿಸಿ ಕೈತೊಳೆದುಕೊಳ್ಳುವುದು. ರೋಗ ಹರಡದಂತೆ ಕೊಳಚೆಯನ್ನು ದೂರ ಮಾಡಲು ಈ ಪದ್ಧತಿ ಬೇಕೇ ಇತ್ತು. ಆದರೆ ಮಳೆನೀರನ್ನೂ ಕೊಳಚೆಯಂತೆಯೇ ನೋಡಿದ್ದು ತಪ್ಪಾಯಿತು.

ಊರು ಚಿಕ್ಕದಿದ್ದಾಗ ತಪ್ಪು ಕಾಣಲಿಲ್ಲ. ಅಂಗಳ, ಹಿತ್ತಿಲು, ಬಯಲು, ತೋಟ ಎಲ್ಲ ಕಾಂಕ್ರೀಟ್ ಆಗುತ್ತಾ ಬಂದಂತೆ ಪ್ರತಿ ಚದರ ಅಡಿಯ ನೀರೂ ಒಂದೇ ಹೊತ್ತಿಗೆ ಒಂದೇ ಮೋರಿಯ ಬಾಯಿಗೆ ಬರತೊಡಗಿತು. ಮಳೆ ಹೆಚ್ಚಾಗದಿದ್ದರೂ ಪ್ರವಾಹ ಹೆಚ್ಚಾಯಿತು. ಹೈದರಾಬಾದಿನಲ್ಲಿ 2000ದ ಆಗಸ್ಟ್, 2020ರ ಅಕ್ಟೋಬರ್ ಎರಡೂ ಸಲ ನೀರು ಹೆಚ್ಚು ಕಾಡಿದ್ದು ನಾಲೆಗಳ ಪಕ್ಕದ, ಕೆರೆ ಅಂಗಳದ ಬಡಾವಣೆಗಳನ್ನೇ.

ಗಿಡ ಮಾಡುವ ಕೆಲಸವೇನು?

"ಗಿಡ ನೆಡಿ, ನೀರು ಉಳಿಸಿ" ಎಂಬ ಫಲಕವನ್ನು ಎಲ್ಲೆಡೆ ನೋಡುತ್ತೇವೆ. ಗಿಡ ನಿಜವಾಗಿ ಮಾಡುವುದೇನು ಎಂದು ಒಂದೊಂದಾಗಿ ನೋಡೋಣ.

ಮೊದಲನೆಯದು ಎಲೆಯ ಕೆಲಸ. ಮಳೆಯ ಒಂದಷ್ಟು ಪಾಲು ಎಲೆ, ಕೊಂಬೆ, ತೊಗಟೆಯ ಮೇಲೆಯೇ ನಿಂತು ಮತ್ತೆ ಆವಿಯಾಗುತ್ತದೆ. ತುಂತುರು ಮಳೆಯಲ್ಲಿ ಈ ಪಾಲು ದೊಡ್ಡದು, ಜಡಿಮಳೆಯಲ್ಲಿ ಚಿಕ್ಕದು. ಉಳಿದ ನೀರು ಕೂಡ ತಡವಾಗಿ ನೆಲಕ್ಕೆ ಇಳಿಯುತ್ತದೆ. ಮಳೆ ಬರುವಾಗ ಮರದ ಕೆಳಗೆ ನಿಂತು, ಮಳೆ ನಿಂತ ಮೇಲೆ ನೆನೆಯುವ ಅನುಭವ ನಮಗೆಲ್ಲ ಇದೆಯಲ್ಲ, ಅದೇ ಇದು.

ಎರಡನೆಯದು ತರಗೆಲೆ ಮತ್ತು ಹುಲ್ಲಿನ ಕೆಲಸ. ಬೋಳು ನೆಲದ ಮೇಲೆ ಬೀಳುವ ಹನಿ ಸುತ್ತಿಗೆಯಂತೆ ಬಡಿಯುತ್ತದೆ. ಸಿಡಿದ ಸಣ್ಣ ಮಣ್ಣು ನೆಲದ ರಂಧ್ರಗಳನ್ನು ಮುಚ್ಚುತ್ತದೆ, ಆಮೇಲೆ ನೀರು ಇಂಗದೆ ಹರಿಯುತ್ತದೆ. ಎತ್ತರದ ಮರದಿಂದ ತೊಟ್ಟಿಕ್ಕುವ ದೊಡ್ಡ ಹನಿಗೂ ಇದೇ ಶಕ್ತಿ ಇದೆ. ಆದ್ದರಿಂದ ಮರವಿದ್ದು ಅದರ ಬುಡ ಗುಡಿಸಿ ನುಣುಪಾಗಿದ್ದರೆ ಅರ್ಧ ಕೆಲಸವಷ್ಟೇ ಆದಂತೆ. ದಿನಾ ಬೆಳಿಗ್ಗೆ ತರಗೆಲೆ ಗುಡಿಸಿ ಸುಡುವ ನಾವು ನೆಲದ ಹೊದಿಕೆಯನ್ನೇ ಕಿತ್ತು ಹಾಕುತ್ತಿದ್ದೇವೆ.

ಮೂರನೆಯದು ಬೇರಿನ ಕೆಲಸ. ಬೇರು ಮಣ್ಣನ್ನು ಸೀಳುತ್ತದೆ. ಹಳೆಯ ಬೇರು ಕೊಳೆತಾಗ ಅದು ಇದ್ದ ಜಾಗ ನೀರಿನ ಕಾಲುದಾರಿಯಾಗುತ್ತದೆ. ಆ ಕೊಳೆತದ್ದನ್ನು ತಿನ್ನಲು ಬಂದ ಎರೆಹುಳು ಇನ್ನಷ್ಟು ದಾರಿ ಕೊರೆಯುತ್ತದೆ. ಕೆರೆ ಏರಿಗೆ ಶತ್ರುವಾದ ಅದೇ ಗುಣ ತೋಟದಲ್ಲಿ ವರವಾಗುತ್ತದೆ. ಹೈದರಾಬಾದಿನಂತಹ ಕಗ್ಗಲ್ಲಿನ ಊರಿನಲ್ಲಿ ಬಂಡೆಯ ಮೇಲಿನ ಮಣ್ಣಿನ ಪದರ ತೆಳ್ಳಗಿರುತ್ತದೆ. ಇರುವ ಆ ತೆಳು ಮಣ್ಣನ್ನು ಸ್ಪಂಜಿನಂತೆ ಮೆತ್ತಗೆ ಇಡಲು ಬೇರು ಬೇಕೇ ಬೇಕು.

ನಾಲ್ಕನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಎರಡು ಮಳೆಗಳ ನಡುವಿನ ದಿನಗಳಲ್ಲಿ ಗಿಡ ಮಣ್ಣಿನ ನೀರನ್ನು ಹೀರಿ ಎಲೆಯಿಂದ ಆವಿ ಮಾಡುತ್ತದೆ. ತೋಯ್ದ ಸ್ಪಂಜನ್ನು ಹಿಂಡಿ ಮುಂದಿನ ಮಳೆಗೆ ಸಿದ್ಧ ಮಾಡಿದಂತೆ. ಗಿಡವಿಲ್ಲದ ಇಂಗುಗುಂಡಿ ಈ ಕೆಲಸ ಮಾಡಲಾರದು. ಜೊತೆಗೆ ಆವಿಯಾಗುವಾಗ ಸುತ್ತಲಿನ ಗಾಳಿಯೂ ತಂಪಾಗುತ್ತದೆ.

ಐದನೆಯದು ಶುದ್ಧಿ. ರಸ್ತೆಯಿಂದ ಹರಿದು ಬರುವ ಮೊದಲ ಮಳೆಯ ನೀರಿನಲ್ಲಿ ಎಣ್ಣೆ, ಟೈರಿನ ಪುಡಿ, ಧೂಳು, ಕಸ ಎಲ್ಲ ಇರುತ್ತವೆ. ಒತ್ತಾಗಿ ಬೆಳೆದ ಹುಲ್ಲಿನ ನಡುವೆ ಹರಿಯುವಾಗ ನೀರಿನ ವೇಗ ತಗ್ಗಿ ಹೂಳು ಕೆಳಗೆ ಕೂರುತ್ತದೆ. ಬೇರಿನ ಸುತ್ತ ನೆಲೆಸಿರುವ ಸೂಕ್ಷ್ಮಜೀವಿಗಳು ಎಣ್ಣೆಯಂಥವನ್ನು ಒಡೆಯುತ್ತವೆ. ಲೋಹದ ಅಂಶ ಮಣ್ಣಿಗೆ ಅಂಟಿಕೊಳ್ಳುತ್ತದೆ. ಸಾರಜನಕ, ರಂಜಕವನ್ನು ಗಿಡವೇ ಉಣ್ಣುತ್ತದೆ. ನಮ್ಮ ಅಜ್ಜಿಯಂದಿರು ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು, ಕಾಬಾಳೆ ಹಾಕುತ್ತಿದ್ದುದನ್ನು ನೆನಪಿಸಿಕೊಳ್ಳಿ. ಅವರು ಅದಕ್ಕೆ ದೊಡ್ಡ ಹೆಸರೇನೂ ಇಡಲಿಲ್ಲ. ಹಿತ್ತಿಲು ಕೊಚ್ಚೆಯಾಗಲಿಲ್ಲ, ಮನೆಗೆ ಬಾಳೆಗೊನೆ, ಪತ್ರೊಡೆಗೆ ಎಲೆ ಸಿಕ್ಕಿತು.

ಗುಂಡ್ಲುಪೇಟೆಯ ಬದುಗಳು

ನನ್ನ ತಾಯಿಯ ತವರು ಗುಂಡ್ಲುಪೇಟೆಯ ಕಡೆ. ರಜೆಗೆ ಹೋದಾಗ ಹೊಲದ ಬದುವಿನ ಮೇಲೆ ಸೊಂಟದೆತ್ತರದ ಒರಟು ಹುಲ್ಲಿನ ಸಾಲು ಕಾಣುತ್ತಿತ್ತು. ಲಾವಂಚ. ಅದರ ಬೇರನ್ನು ಅಜ್ಜಿ ಸೀರೆ ಪೆಟ್ಟಿಗೆಯಲ್ಲಿ ಇಡುತ್ತಿದ್ದರು, ಬೇಸಿಗೆಯಲ್ಲಿ ನೀರಿನ ಮಡಕೆಗೆ ಹಾಕುತ್ತಿದ್ದರು. ಪರಿಮಳಕ್ಕೆಂದಷ್ಟೇ ನಾನು ತಿಳಿದಿದ್ದೆ.

1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರಾಗಿ ಭಾರತದಲ್ಲಿದ್ದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಮಣ್ಣಿನ ಸವಕಳಿ ತಡೆಯಲು ಕಡಿಮೆ ಖರ್ಚಿನ ದಾರಿ ಹುಡುಕುತ್ತಿದ್ದರು. ಗ್ರೀನ್‌ಫೀಲ್ಡ್ ಹಿಂದೆ ಫಿಜಿಯ ಕಬ್ಬಿನ ಗದ್ದೆಗಳಲ್ಲಿ ಲಾವಂಚದ ಬೇಲಿ ಬಳಸಿದ್ದವರು. ನಮ್ಮ ಗುಂಡ್ಲುಪೇಟೆಯ ರೈತರು ತಲೆಮಾರುಗಳಿಂದ ಅದನ್ನೇ ಹೊಲದ ಬದುವಿನಲ್ಲಿ ಬೆಳೆಸಿಕೊಂಡು ಬಂದಿದ್ದರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಲಾವಂಚದ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಈ ಹೊಲಗಳ ಉಲ್ಲೇಖವಿದೆ. ಹೆಂಗಸರು ಮಡಕೆಗೆ ಹಾಕುತ್ತಿದ್ದ ಬೇರು ಹೀಗೆ ದೇಶದೇಶಗಳ ರಸ್ತೆ ಇಳಿಜಾರು, ಕಾಲುವೆ ದಂಡೆಗಳನ್ನು ಕಾಯಲು ಹೊರಟಿತು.

ಲಾವಂಚದ ಗುಟ್ಟು ಇಷ್ಟೇ. ಬೇರು ಅಕ್ಕಪಕ್ಕ ಹರಡದೆ ನೇರ ಕೆಳಕ್ಕೆ ಇಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರಿಗೂ ಹೆಚ್ಚು. ಹಾಗಾಗಿ ಪಕ್ಕದ ಬೆಳೆಗೆ ತೊಂದರೆ ಇಲ್ಲ. ಮೇಲೆ ಒತ್ತಾಗಿ ನಿಂತ ದಂಟುಗಳು ಹರಿಯುವ ನೀರನ್ನು ತಡೆಯುವುದಿಲ್ಲ, ಸೋಸುತ್ತವೆ. ನೀರು ನಿಧಾನವಾಗಿ ಆಚೆ ಹೋಗುತ್ತದೆ, ಮಣ್ಣು ಈಚೆ ಉಳಿಯುತ್ತದೆ. ದಕ್ಷಿಣ ಭಾರತದಲ್ಲಿ ಬೆಳೆಸುವ ತಳಿ ಹೆಚ್ಚಾಗಿ ಬೀಜದಿಂದ ಹರಡುವುದಿಲ್ಲ, ಬುಡ ಸೀಳಿ ನೆಡಬೇಕು. ಆದ್ದರಿಂದ ಕಳೆಯಾಗಿ ಕಾಡುವ ಭಯವೂ ಕಡಿಮೆ. ಪರಿಮಳಕ್ಕಾಗಿ ಬೇರನ್ನೆಲ್ಲ ಕಿತ್ತರೆ ಮಾತ್ರ ಬೇಲಿಯೂ ಹೋಗುತ್ತದೆ, ಬದುವೂ ಹೋಗುತ್ತದೆ.

ಮಳೆತೋಟ ಮತ್ತು ಮರಳಿ ಬಂದ ಹೊಳೆ

ಕೊಳವೆಯ ಪದ್ಧತಿಗೆ ಪರ್ಯಾಯ ಹುಡುಕುವ ಪ್ರಯತ್ನ ಬೇರೆ ಕಡೆಯೂ ನಡೆಯಿತು. 1990ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ಸಾಮರ್‌ಸೆಟ್ ಎಂಬ ಹೊಸ ಬಡಾವಣೆ ಎದ್ದಿತು. ಮಳೆನೀರಿಗಾಗಿ ದೊಡ್ಡ ಹೊಂಡ, ಕೊಳವೆ ಮಾಡುವ ಬದಲು ಪ್ರತಿ ಮನೆಯ ಮುಂದೆ 300-400 ಚದರ ಅಡಿಯ ತಗ್ಗಾದ ಹೂದೋಟ ಮಾಡಿದರು. ಛಾವಣಿ ಮತ್ತು ರಸ್ತೆಯ ನೀರು ಅಲ್ಲಿಗೆ ಹರಿದು, ಗಿಡಗಳ ನಡುವೆ ನಿಂತು, ಇಂಗುತ್ತದೆ. ಅಲ್ಲಿನ ಅಧಿಕಾರಿ ಲ್ಯಾರಿ ಕಾಫ್‌ಮನ್ ಇದನ್ನು ಬೆಳೆಸಿದವರಲ್ಲಿ ಪ್ರಮುಖರು. ಕಾಂಕ್ರೀಟಿನ ಪದ್ಧತಿಗಿಂತ ಖರ್ಚೂ ಕಡಿಮೆಯಾಯಿತು. 'ಮಳೆತೋಟ' ಎಂಬ ಮಾತು ಅಲ್ಲಿಂದ ಪ್ರಚಾರಕ್ಕೆ ಬಂತು.

ಸಿಂಗಪುರದ ಬಿಷಾನ್ ಉದ್ಯಾನದ ಅಂಚಿನಲ್ಲಿ ಕಲ್ಲಾಂಗ್ ಹೊಳೆ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಅದನ್ನು ಒಡೆದು 2012ರ ಹೊತ್ತಿಗೆ 3.2 ಕಿಲೋಮೀಟರ್ ಬಳಸಿ ಹರಿಯುವ ಹೊಳೆಯಾಗಿ ಮಾಡಿದರು. ದಂಡೆಗೆ ಕಲ್ಲಿನ ಜೊತೆ ಬೇರು ಬಿಡುವ ಗಿಡಗಳನ್ನು ಹೆಣೆದರು. ಮೊದಲು ಒಂದು ಚಿಕ್ಕ ಭಾಗದಲ್ಲಿ ಪ್ರಯೋಗ ಮಾಡಿ, ಯಾವ ಗಿಡ ನಿಲ್ಲುತ್ತದೆ ನೋಡಿ, ಆಮೇಲೆ ಮುಂದುವರಿದರು. ಮಳೆ ಇಲ್ಲದಾಗ ಅದು ಜನ ಕೂರುವ ಹುಲ್ಲುಗಾವಲು, ಮಳೆ ಬಂದಾಗ ಅದೇ ಹೊಳೆಯ ಅಗಲ.

ಇವೆರಡೂ ನಾವು ಮರೆತ ಹಿತ್ತಿಲನ್ನೂ ಕೆರೆಯಂಗಳವನ್ನೂ ನೆನಪಿಸುತ್ತವೆ.

ಹಸಿರಿಗೂ ಮಿತಿ ಇದೆ

ಒಂದು ಎಚ್ಚರಿಕೆ ಹೇಳದಿದ್ದರೆ ಅನ್ಯಾಯವಾಗುತ್ತದೆ. 1908ರಂತಹ ಮಳೆಯನ್ನು ಮಳೆತೋಟಗಳು ತಡೆಯಲಾರವು. ಎರಡನೆಯ ದಿನದ ಹೊತ್ತಿಗೆ ಮಣ್ಣು ತುಂಬಿ ಹೋಗಿರುತ್ತದೆ, ಆಮೇಲೆ ಬಿದ್ದ ಮಳೆ ಹರಿಯಲೇಬೇಕು. ಅಂಥ ದಿನಕ್ಕೆ ಅಣೆಕಟ್ಟು, ಅಗಲವಾದ ಹೊಳೆಪಾತ್ರ, ತೆರವಾದ ನಾಲೆ ಬೇಕು. ಗಿಡಮರಗಳ ಬಲ ಇರುವುದು ಪ್ರತಿ ವರ್ಷದ ಹತ್ತಾರು ಸಾಮಾನ್ಯ ಮಳೆಗಳಲ್ಲಿ, ಮತ್ತು ದೊಡ್ಡ ಮಳೆಯ ಮೊದಲ ಗಂಟೆಗಳಲ್ಲಿ. ಆಗ ಅವು ನೀರನ್ನು ತಡೆದಷ್ಟೂ ನಾಲೆಗೆ ಉಸಿರಾಡಲು ಸಮಯ ಸಿಗುತ್ತದೆ. ಹೂಳು ತಡೆದಷ್ಟೂ ಜಲಾಶಯದ ಆಯಸ್ಸು ಹೆಚ್ಚುತ್ತದೆ. ವಿಶ್ವೇಶ್ವರಯ್ಯನವರ ಅಣೆಕಟ್ಟೂ ಅಜ್ಜಿಯ ಲಾವಂಚವೂ ಒಂದೇ ಕೆಲಸದ ಎರಡು ಭಾಗಗಳು.

ಹಾಗೆಯೇ ಹಸಿರಾಗಿರುವುದೆಲ್ಲ ಒಳ್ಳೆಯದಲ್ಲ. ದಕ್ಷಿಣ ಅಮೆರಿಕದಿಂದ ಬಂದ ನೇರಳೆ ಹೂವಿನ ಜಲಕಳೆ ಕೊಳಚೆಯ ಸತ್ವ ಉಂಡು ಕೆರೆಯನ್ನೇ ಮುಚ್ಚುತ್ತದೆ. ಕೆಳಗೆ ಬೆಳಕಿಲ್ಲ, ಉಸಿರಿಲ್ಲ, ಮೀನು ಸಾಯುತ್ತದೆ, ಮಳೆ ಬಂದಾಗ ಅದು ಕೋಡಿಗೆ ಸಿಕ್ಕಿಕೊಳ್ಳುತ್ತದೆ. ಕೊಳಚೆ ನಿಲ್ಲದೆ ಅದನ್ನು ಎಷ್ಟು ಬಾರಿ ಎತ್ತಿದರೂ ಮತ್ತೆ ಬರುತ್ತದೆ.

ಇಮ್ಲಿಬನ್‌ನಲ್ಲಿ ನೀರು

ಹೈದರಾಬಾದಿನಿಂದ ಬೀದರ್, ಕಲಬುರಗಿ, ರಾಯಚೂರು, ಬೆಂಗಳೂರಿಗೆ ಬಸ್ಸು ಹಿಡಿದವರಿಗೆಲ್ಲ ಇಮ್ಲಿಬನ್ ಗೊತ್ತು. ಮಹಾತ್ಮ ಗಾಂಧಿ ಬಸ್ ನಿಲ್ದಾಣ ಇರುವ ಜಾಗ. ಇಮ್ಲಿ ಎಂದರೆ ಹುಣಸೆ, ಬನ್ ಎಂದರೆ ನಮ್ಮ ಬನವೇ. ಹೊಳೆಯ ನಡುಗಡ್ಡೆಯಲ್ಲಿ ಹುಣಸೆ ಬನದ ಹೆಸರು ಹೊತ್ತ ಜಾಗದಲ್ಲಿ ಬಸ್ ನಿಲ್ದಾಣ ನಿಂತಿದೆ. 2025ರ ಸೆಪ್ಟೆಂಬರ್ ಕೊನೆಯ ವಾರ ಜಲಾಶಯಗಳ ಬಾಗಿಲು ತೆರೆದಾಗ ಆ ನಿಲ್ದಾಣಕ್ಕೆ ನೀರು ನುಗ್ಗಿತು. ದಸರೆಗೆ ಊರಿಗೆ ಹೊರಟವರು ಬ್ಯಾಗು ತಲೆಯ ಮೇಲೆ ಹೊತ್ತು ಹೊರಬಂದರು. 117 ವರ್ಷಗಳ ನಂತರ, ಅದೇ ವಾರ, ಅದೇ ಹೊಳೆ.

ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಮೇಲ್ಭಾಗದ ನೆಲವನ್ನು ಕಾಯಲು 1996ರಲ್ಲಿ 111ನೇ ಸರ್ಕಾರಿ ಆದೇಶ ಬಂತು. ಜಲಾಶಯಗಳಿಂದ 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡ, ಮಾಲಿನ್ಯಕಾರಿ ಕಾರ್ಖಾನೆಗಳಿಗೆ ತಡೆ ಬಿತ್ತು. ಓದಲು ಅದು ಕಟ್ಟಡಗಳ ಕಾನೂನು, ಅರ್ಥದಲ್ಲಿ ಅದು ಹೊಲ, ಹುಲ್ಲುಗಾವಲು, ಕುರುಚಲು ಕಾಡನ್ನು ಉಳಿಸುವ ಕಾನೂನು. ಅಣೆಕಟ್ಟಿಗೆ ನೀರು ಎಷ್ಟು ವೇಗವಾಗಿ, ಎಷ್ಟು ಕೊಳೆಯಾಗಿ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಆ ನೆಲದ ಹೊದಿಕೆಯೇ. 2022ರ ಏಪ್ರಿಲ್‌ನಲ್ಲಿ ಇನ್ನೊಂದು ಆದೇಶ ಆ ನಿರ್ಬಂಧಗಳನ್ನು ತೆಗೆಯಿತು. ಆ ಹಳ್ಳಿಗಳ ರೈತರಿಗೂ ತಮ್ಮ ನೆಲಕ್ಕೆ ಬೆಲೆ ಬರಲಿ ಎಂಬ ಆಸೆ ಇರುವುದು ತಪ್ಪಲ್ಲ. ಊರಿನವರ ಸುರಕ್ಷತೆಯ ಖರ್ಚನ್ನು ಅವರೊಬ್ಬರೇ ಹೊರಬೇಕೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ನೆಲವೆಲ್ಲ ಸಿಮೆಂಟಾದರೆ, 1909ರಲ್ಲಿ ಹಾಕಿದ ಲೆಕ್ಕ ಇಂದಿನ ನೀರಿಗೆ ಸಾಲುತ್ತದೆಯೇ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಬೇರೆ ಊರುಗಳ ನಮ್ಮ ಸೋದರಿಯರಿಗೂ ಇದು ಹೊಸ ಕಥೆಯಲ್ಲ. ಮುಂಬಯಿಯವರಿಗೆ 2005ರ ಜುಲೈ 26 ನೆನಪಿದೆ. ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ. ಮಿಠಿ ಹೊಳೆಯ ಬದಿಯ ಕಾಂಡ್ಲಾ ಗಿಡಗಳ ಜೌಗು ಎಷ್ಟೋ ಕಡೆ ಮೊದಲೇ ಕಟ್ಟಡವಾಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ವನಗಳ ನಾಶಕ್ಕೆ ತಡೆ ಹಾಕಿತು. ಚೆನ್ನೈಯವರಿಗೆ 2015ರ ಡಿಸೆಂಬರ್ ಮತ್ತು ಕುಗ್ಗಿ ಹೋದ ಪಳ್ಳಿಕ್ಕರಣೈ ಜೌಗು, ಪುಣೆಯವರಿಗೆ 2019ರ ಸೆಪ್ಟೆಂಬರ್‌ನ ಅಂಬಿಲ್ ಓಢಾ, ದೆಹಲಿಯವರಿಗೆ 2023ರ ಜುಲೈನ ಯಮುನೆ. ನಮ್ಮ ಬೆಂಗಳೂರಿನಲ್ಲೂ 2022ರ ಸೆಪ್ಟೆಂಬರ್‌ನಲ್ಲಿ ರಾಜಕಾಲುವೆಗಳು ತಮ್ಮ ಹಳೆಯ ದಾರಿಯನ್ನು ನೆನಪಿಸಿದವು.

ನಮ್ಮ ನಲವತ್ತು ಚದರ ಮೀಟರ್

ಕೊನೆಗೆ ನಮ್ಮ ಮನೆಯ ವಿಷಯ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ 20 ಮೀಟರ್ ಉದ್ದ, 2 ಮೀಟರ್ ಅಗಲದ ಮಣ್ಣಿನ ಪಟ್ಟಿ ಇತ್ತು. ಕೆಸರಾಗುತ್ತದೆ, ಕಾರು ನಿಲ್ಲಿಸಲು ಜಾಗ ಬೇಕು ಎಂದು ಹತ್ತು ವರ್ಷದ ಹಿಂದೆ ಅದಕ್ಕೆ ಕಲ್ಲು ಹಾಸಿದರು. ಹಾಸುವಾಗ ನಾನೂ ಒಪ್ಪಿ ಕೈ ಎತ್ತಿದವಳೇ. ಹಾಗಾಗಿ ಯಾರನ್ನೂ ದೂರುವ ಹಕ್ಕು ನನಗಿಲ್ಲ.

2020ರ ನೀರು ಇಳಿದ ಮೇಲೆ ನಾವು ಕೆಲವು ಹೆಂಗಸರು ಕುಳಿತು ಲೆಕ್ಕ ಹಾಕಿದೆವು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಛಾವಣಿ ಸುಮಾರು 600 ಚದರ ಮೀಟರ್. 25 ಮಿಲಿಮೀಟರ್ ಮಳೆಗೆ 15,000 ಲೀಟರ್ ನೀರು ಕೊಳವೆಯಲ್ಲಿ ಇಳಿದು ನೇರ ರಸ್ತೆಗೆ ಹೋಗುತ್ತಿತ್ತು. ಆ ಪಟ್ಟಿಯನ್ನು 15 ಸೆಂಟಿಮೀಟರ್ ತಗ್ಗಿಸಿದರೆ 6,000 ಲೀಟರ್ ಅಲ್ಲೇ ನಿಲ್ಲುತ್ತದೆ, ನಿಂತು ಇಂಗುತ್ತದೆ. ಪೂರ್ತಿ ಅಲ್ಲ, ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು.

ಸೊಳ್ಳೆಯ ಆಕ್ಷೇಪ ಬಂತು. ನ್ಯಾಯವಾದ ಆಕ್ಷೇಪ. ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು, ಮಳೆತೋಟದ ನೀರು ಒಂದೆರಡು ದಿನದಲ್ಲಿ ಇಂಗಬೇಕು, ಇಂಗದಿದ್ದರೆ ಮಣ್ಣಿಗೆ ಮರಳು ಬೆರೆಸಬೇಕು ಎಂದು ವಿವರಿಸಿದೆವು. ತುಂಬಿದಾಗ ಹೆಚ್ಚಿನ ನೀರು ಮೋರಿಗೆ ಹೋಗಲು ಕೋಡಿ ಇಡೋಣ ಎಂದೆವು. ಗೋಡೆಯ ತಳಪಾಯದಿಂದ ದೂರ ಇರುವಂತೆ ಜಾಗ ಬಿಟ್ಟೆವು. ನಾಲ್ಕು ಸಭೆಗಳಾದ ಮೇಲೆ ಎರಡು ಕಾರಿನ ಜಾಗ ಬಿಟ್ಟುಕೊಡಲು ಎಲ್ಲರೂ ಒಪ್ಪಿದರು.

ಕಲ್ಲು ತೆಗೆದಾಗ ಕೆಳಗಿನ ಮಣ್ಣು ಇಟ್ಟಿಗೆಯಷ್ಟು ಗಟ್ಟಿಯಾಗಿತ್ತು, ಒಂದು ಎರೆಹುಳುವೂ ಇರಲಿಲ್ಲ. ಮೊದಲ ಮಳೆಗಾಲ ನೀರು ಮೂರು ದಿನ ನಿಂತಿತು, ಮಾತು ಕೇಳಬೇಕಾಯಿತು. ಮರಳು, ಗೊಬ್ಬರ, ತರಗೆಲೆ ಸೇರಿಸಿದೆವು. ನೀರು ಇಳಿಯುವ ಬಾಯಿಯಲ್ಲಿ ಲಾವಂಚ, ತಗ್ಗಿನಲ್ಲಿ ಕಾಬಾಳೆ, ಬಜೆ, ಕೆಸು, ಅಂಚಿಗೆ ಗರಿಕೆ ಹಾಕಿದೆವು. ಲಾವಂಚದ ಬುಡಗಳನ್ನು ನಾನೇ ಊರಿನಿಂದ ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಈಗ ನಾಲ್ಕು ಮಳೆಗಾಲ ಕಳೆದಿದೆ. ಸಾಧಾರಣ ಮಳೆಗೆ ರಾತ್ರಿ ನಿಂತ ನೀರು ಮರುದಿನ ಮಧ್ಯಾಹ್ನಕ್ಕೆ ಇರುವುದಿಲ್ಲ. ದೊಡ್ಡ ಮಳೆಗೆ ಕೋಡಿ ಹರಿಯುತ್ತದೆ, ನೆಲಮಾಳಿಗೆಗೆ ಮರಳಿನ ಚೀಲ ಈಗಲೂ ಇಡುತ್ತೇವೆ.

ನಮ್ಮ ಒಂದು ಪಟ್ಟಿಯಿಂದ ಮೂಸಿ ತಗ್ಗುವುದಿಲ್ಲ, ಅದು ನನಗೆ ಗೊತ್ತು. ಆದರೆ 788 ಕೆರೆಗಳೂ ಒಂದೊಂದಾಗಿಯೇ ಕಟ್ಟಿದವು, ಒಂದೊಂದು ಊರಿನವರು ಕಟ್ಟಿದವು. ಮುಂದಿನ ಸೆಪ್ಟೆಂಬರ್ 15ಕ್ಕೆ ನಮ್ಮ ಸಂಘದಲ್ಲಿ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುವಾಗ, ಬಂದವರಿಗೆಲ್ಲ ಲಾವಂಚದ ಒಂದೊಂದು ಬುಡ ಕೊಡಬೇಕೆಂದು ಮಹಿಳಾ ವೇದಿಕೆಯಲ್ಲಿ ಮಾತಾಡಿಕೊಂಡಿದ್ದೇವೆ. ನಿಮ್ಮ ಊರಿನ ಸಂಘಕ್ಕೂ ಬೇಕಾದರೆ ತಿಳಿಸಿ. ನಮ್ಮ ಪಟ್ಟಿಯಲ್ಲಿ ಸೀಳಿ ಕೊಡುವಷ್ಟು ಬೆಳೆದಿದೆ.